ವ್ಯಂಜನ ಬರಂಗಿಲ್ಲ

"ಸ್ವರ ಬರ್ತಾವವ್ವ, ವ್ಯಂಜನ ಬರಂಗಿಲ್ಲ,"
ಅಂದರು ಸಣ್ಣಹಾಲಪ್ಪ, ಫೋನನ್ನು ಕೌಂಟರಿನ ಮೇಲಿಟ್ಟು,
ತಪ್ಪೆಲ್ಲ ಅದರದೇ ಎಂಬಂತೆ ನೋಡುತ್ತ.

ಮೂವತ್ತೊಂದು ವರ್ಷ ಮಿಲ್ಲಿನ ಮಗ್ಗದ ಸಾಲಲ್ಲಿ ನಿಂತ ಕಿವಿ.
ಲಾಳಿ ಹೊಡೆದೂ ಹೊಡೆದೂ ಎತ್ತರದ ದನಿಗಳನ್ನಷ್ಟೇ ಕಿತ್ತುಕೊಂಡು ಹೋಗಿದೆ,
ಇಲಿ ಸೀರೆಯ ಒಂದೇ ಮೂಲೆ ಕಡಿದ ಹಾಗೆ.
ತಂಗಿ ಚಳ್ಳಕೆರೆಯಿಂದ 'ಸೊಸಿ ಸಂತಿಗೆ ಹೋಗ್ಯಾಳ' ಅಂದರೆ
ಇವರಿಗೆ ಕೇಳುವುದು 'ಒಇ ಅಂಇಗೆ ಓಗ್ಯಾಳ'.

ಅಂಗಡಿ ನನ್ನದು, ದಾವಣಗೆರೆಯಲ್ಲಿ, ರೈಲ್ವೆ ಗೇಟಿಗೆ ಹತ್ತೇ ಹೆಜ್ಜೆ.
ಗೇಟು ಬಿದ್ದರೆ ಗಿರಾಕಿ, ಎದ್ದರೆ ಇಲ್ಲ.

ಅವರ ಫೋನಿನಲ್ಲಿ ಆಗುವ ಕೆಲಸವಲ್ಲ ಇದು.
ಅಂಥವುಗಳಲ್ಲಿ ಕರೆಯ ದನಿ ಬೀಗ ಹಾಕಿದ ಓಣಿಯಲ್ಲಿ ಹೋಗುತ್ತದೆ,
ಕಂಪನಿಯವರು ಕೀಲಿ ಕೊಡುವುದಿಲ್ಲ.
ನನ್ನ ಹತ್ತಿರ ಬೇರೊಂದಿತ್ತು, ಹಳೆಯದು, ಇಟ್ಟಿಗೆಯಷ್ಟು ದಪ್ಪ,
ಒಳಗೆ ಬರೆದದ್ದನ್ನೆಲ್ಲ ಯಾರು ಬೇಕಾದರೂ ಓದಬಹುದು, ತಿದ್ದಬಹುದು.
ಅದರಲ್ಲಿ ದನಿ ನನ್ನ ಅಂಗಳ ದಾಟಿಯೇ ಮುಂದೆ ಹೋಗಬೇಕು.
ಅಲ್ಲಿ ನಿಲ್ಲಿಸಿ, ತೂಗಿ, ತಿದ್ದಿ ಕಳಿಸಬಹುದು
ಇಪ್ಪತ್ತು ಮಿಲಿಸೆಕೆಂಡಿನೊಳಗೆ.
ತಡವಾದರೆ ಇಬ್ಬರ ಮಾತೂ ಒಂದರ ಮೇಲೊಂದು ಬೀಳುತ್ತದೆ.

ಭಾನುವಾರ ಸಂಜೆ ಅಂಗಡಿಯಲ್ಲೇ ಕರೆ ಮಾಡಿಸಿದೆ.
"ನಾನೂ ಕೇಳಬೇಕಾಗ್ತತಿ ಕಾಕಾ."
"ಕೇಳವ್ವ ಶಾಹೀನಾ. ಮುಚ್ಚಿಡಾದು ನಮ್ಮತ್ರ ಏನೈತಿ."

ಪರದೆಯ ಮೇಲೆ ದನಿ ಬಿಚ್ಚಿಕೊಂಡಿತು.
ಮುನ್ನೂರು ಹರ್ಟ್ಜಿನಿಂದ ಮೂರು ಸಾವಿರದ ನಾನೂರು,
ಮನುಷ್ಯರ ಮಾತಿಗೆ ಫೋನಿನವರು ಬಿಟ್ಟುಕೊಟ್ಟ ಜಾಗ ಅಷ್ಟೇ.
ಕೆಳಗೆ ಅ ಆ ಇ ಈ, ಕಂಬಳಿಯ ಅಂಚಿನಂತೆ ದಪ್ಪ ದಪ್ಪ ಪಟ್ಟೆ.
ಮೇಲೆ ಸ, ಶ, ಚ, ಉದುರಿದ ಹಿಟ್ಟು.
ಆ ಹಿಟ್ಟನ್ನು ಗುಡಿಸಿ ಕೆಳಗಿಳಿಸಿದೆ
ಅವರ ಕಿವಿ ಇನ್ನೂ ಬದುಕಿರುವ ಕಡೆಗೆ.
ಹಿಂದಿನ ಗದ್ದಲಕ್ಕೊಂದು ಜರಡಿ ಹಿಡಿದೆ:
ಫ್ಯಾನು, ನಲ್ಲಿ, ಎಣ್ಣೆಮಿಲ್ಲಿನ ಮೊರೆತ,
ಮಾತಲ್ಲದ್ದು ಮೇಲೆಯೇ ಉಳಿಯಲಿ.

ಜರಡಿಯಲ್ಲಿ ಉಳಿದದ್ದನ್ನು ಬಿಸಾಡುವ ಮೊದಲು ನೋಡುವುದು ನನ್ನ ಚಾಳಿ.

ಅದರಲ್ಲೊಂದು ಕೆಮ್ಮಿತ್ತು.
ತಂಗಿಯದಲ್ಲ, ಆಕೆ ಮಾತಾಡುತ್ತಿರುವಾಗಲೇ ಬಿದ್ದದ್ದು.
ಗಂಡಸಿನದು. ಬಹಳ ದೂರದ್ದೂ ಅಲ್ಲ, ಒಂದು ಮಂಚದಷ್ಟು ಆಚೆ.
ಮುಂದಿನ ಭಾನುವಾರವೂ ಇತ್ತು. ಅದರ ಮುಂದಿನದೂ.
ಇವರು "ಉಂಡ್ಯಾ?" ಅಂತ ಕೇಳಿದ ಕೂಡಲೇ, ಪ್ರತಿ ಸಲ,
ಗಂಟಲು ಸರಿಮಾಡಿಕೊಂಡು ಮತ್ತೆ ಮಾತೇ ಆಡದ ಕೆಮ್ಮು.

"ಅಲ್ಲಿ ಇನ್ಯಾರಾದ್ರೂ ಅದಾರೇನು ಕಾಕಾ?"
"ನಮ್ಮಣ್ಣ ಅದಾನ. ದೊಡ್ಡಹಾಲಪ್ಪ."
ಗೇಟಿನ ಕಡೆ ನೋಡಿದರು.
"ಸ್ಟ್ರೈಕಿನಾಗ ಅವ ಹೊರಗ ನಿಂತ, ನಾನು ಒಳಗ ಹೋದೆ.
ಅವತ್ತಿಂದ ಮಾತಿಲ್ಲ."
ಒಂದು ಗೂಡ್ಸು ಪೂರ್ತಿ ಹೋಗುವಷ್ಟು ಹೊತ್ತು ಬಿಟ್ಟು,
"ಮಿಲ್ಲು ಇಬ್ರಿಗೂ ಮುಚ್ಚಿತು," ಅಂದರು.

ಪ್ರೋಗ್ರಾಮಿಗೆ ಕೆಮ್ಮೆಂದರೆ ಬರೀ ಸದ್ದು.
ನೂರಾ ಹನ್ನೆರಡನೇ ಸಾಲಿನಲ್ಲಿ ಹಾಗಂತ ಬರೆದವಳು ನಾನೇ.
ಆ ಸಾಲು ಅಳಿಸಿದೆ.
ಜರಡಿಯ ಒಂದೇ ಒಂದು ತೂತು ಅಗಲ ಮಾಡಿದೆ,
ಆರು ಡೆಸಿಬೆಲ್, ಹೆಚ್ಚಲ್ಲ.
ರಿಪೇರಿಯೋ ಕಳ್ಳತನವೋ ಇವತ್ತಿಗೂ ಗೊತ್ತಿಲ್ಲ,
ಯಾರದೋ ಕೆಮ್ಮನ್ನು ಅವರನ್ನು ಕೇಳದೆ ಎತ್ತಿ ಕೊಟ್ಟಿದ್ದೇನೆ.
ಬಿಲ್ಲಿನಲ್ಲಿ ಬರೆಯಲಿಲ್ಲ.

ಆ ಭಾನುವಾರ ಹುಬ್ಬಳ್ಳಿ ಗಾಡಿ ಬರುವುದಿತ್ತು, ಗೇಟು ಬಿದ್ದಿತ್ತು.
ಅಂಗಡಿ ತುಂಬ ಜನ, ಯಾರದೋ ಚಾರ್ಜರು, ಯಾರದೋ ಒಡೆದ ಗಾಜು.
ಸ್ಟೂಲಿನ ಮೇಲೆ ಸಣ್ಣಹಾಲಪ್ಪ, ಫೋನು ಬಲಗಿವಿಗೆ.
ಸೊಸಿ, ಸಂತಿ, ಶೇಂಗಾ ರೇಟು, ಎಲ್ಲ ಸರಿಯಾಗಿ ಬರುತ್ತಿತ್ತು,
ತಲೆಯಾಡಿಸುತ್ತಿದ್ದರು.
ಆಮೇಲೆ, ಪ್ರತಿವಾರದಂತೆ, "ಉಂಡ್ಯಾ?"

ನನಗದು ಪರದೆಯಲ್ಲಿ ಮೊದಲು ಕಂಡಿತು, ಇಪ್ಪತ್ತು ಮಿಲಿಸೆಕೆಂಡು ಮೊದಲು,
ಒಂದು ಮೋಟು ಗೆರೆ.
ಅವರ ತಲೆ ನಿಂತಿತು.

ರೈಲು ಹೋಯಿತು. ಗೇಟು ಎದ್ದಿತು, ಗಿರಾಕಿಗಳೂ ಎದ್ದರು.
ಫೋನನ್ನು ಬಲಗಿವಿಯಿಂದ ಎಡಗಿವಿಗೆ ಬದಲಿಸಿ,
ಅದೇ ಮಾತನ್ನು ಇನ್ನೊಮ್ಮೆ ಕೇಳಿದರು, ಮೆಲ್ಲಗೆ:
"ಉಂಡ್ರಾ?"